ಗಟ್ಟಿಯಾದ ಜೇನು, ಮುಖ ತಿರುವಿದ ಗಿರಾಕಿ: ಧಾರವಾಡದ ಎರಡು ದಿನದ ಜೇನು ಮೇಳದಲ್ಲಿ ನಡೆದದ್ದು

ಸಪ್ತಾಪುರದ ಕಲ್ಯಾಣ ಮಂಟಪವೊಂದರ ಅಂಗಳದಲ್ಲಿ ಜನವರಿಯ ಒಂದು ಶನಿವಾರ ಬೆಳಿಗ್ಗೆ ಮೊದಲ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಳಗೆ ಅರ್ಧ ಕಿಲೋದ ಇಪ್ಪತ್ನಾಲ್ಕು ಪ್ಲಾಸ್ಟಿಕ್ ಬಾಟಲಿ. ಹತ್ತು ದಿನದ ಹಿಂದೆ ತುಂಬುವಾಗ ಹೊನ್ನಿನ ಬಣ್ಣದಲ್ಲಿ ಹರಿಯುತ್ತಿದ್ದ ಜೇನು ಈಗ ಮುಕ್ಕಾಲು ಪಾಲು ಬಿಳಿಚಿಕೊಂಡು ಕೂತಿತ್ತು. ಬಾಟಲಿ ಬೋರಲು ಹಾಕಿದರೆ ಮೇಲಿನ ತೆಳು ಪದರ ಮಾತ್ರ ಸಾವಕಾಶ ಜಾರಿತು, ಉಳಿದದ್ದು ಜಪ್ಪಯ್ಯ ಅನ್ನಲಿಲ್ಲ. ಮುಂಡರಗಿ ಕಡೆಯಿಂದ ಅವನ್ನು ತಂದ ಸಾಕಣೆದಾರ ಎರಡನೇ ಪೆಟ್ಟಿಗೆ ಬಿಚ್ಚಿದ, ಮೂರನೆಯದು ಬಿಚ್ಚಿದ, ನಾಲ್ಕನೆಯದೂ ಆಯಿತು. 96 ಬಾಟಲಿಯದೂ ಒಂದೇ ಕಥೆ.

"ಇದನ್ನ ಮಂದಿ ಮುಂದ ಹೆಂಗ ಇಡ್ಲಿರಿ?" ಅಂದ.

"ಇಡ್ರಿ, ಏನಾಗೂದಿಲ್ಲ. ನಾವು ತಿಳಿಸಿ ಹೇಳ್ತೇವಿ" ಅಂದೆ. ಆ ಮಾತಿನ ಬೆಲೆ ಎಷ್ಟು ಅನ್ನುವುದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು.

ಮೇಳ ಅಂದರೆ ದೊಡ್ಡದೇನಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಜೇನು ಸಾಕುವವರು ದಲ್ಲಾಳಿಗೆ ಡಬ್ಬಿಗಟ್ಟಲೆ ತೂಗಿ ಕೊಡುವ ಬದಲು ಪ್ಯಾಟಿಯ ಜನರಿಗೆ ನೇರ ಮಾರಲಿ ಅಂತ ನಾವು ಎಂಟು ಗೆಳೆಯರು ಸೇರಿ ಮಾಡಿದ್ದು. ಹನ್ನೊಂದು ಟೇಬಲ್ಲು, ಒಂದು ಗಿರ್ಮಿಟ್ ಗಾಡಿ, ಮಕ್ಕಳಿಗೆ ನೋಡಲು ಗಾಜಿನ ಗೋಡೆಯ ಒಂದು ಜೇನುಪೆಟ್ಟಿಗೆ. ಜನರನ್ನು ಸೆಳೆಯಲು ಏನಾದರೂ ಬೇಕಲ್ಲ ಅಂತ ಹನ್ನೊಂದನೇ ಟೇಬಲ್ಲಿಗೆ "ದ್ವೀಪದ ಜೇನು ಸವಿಯಿರಿ" ಅಂತ ಬೋರ್ಡು ಬರೆಸಿದ್ದೆವು. ನಮ್ಮಲ್ಲೊಬ್ಬರ ಮಗಳು ಹವಾಯಿಯ ದೊಡ್ಡ ದ್ವೀಪದಲ್ಲಿದ್ದಾಳೆ. ದೀಪಾವಳಿಗೆ ಬರುವಾಗ ಅಲ್ಲಿಯ ಮೂರು ಭರಣಿ ತಂದಿದ್ದಳು: ಮಕಾಡೇಮಿಯಾ ಹೂವಿನ ಕಪ್ಪನೆ ಜೇನು, ಓಹಿಯಾ ಲೆಹುವಾ ಅನ್ನುವ ಅಲ್ಲಿಯದೇ ಮರದ್ದೊಂದು, ಇನ್ನೊಂದು ಕಿಯಾವೆ ಮರದ್ದು. ಮಾರಾಟಕ್ಕಲ್ಲ, ಕಡ್ಡಿಯ ತುದಿಯಲ್ಲಿ ರುಚಿ ನೋಡಲು ಮಾತ್ರ. ಭರಣಿಯ ಬಾಯಿಗೆ ಸದಾ ಮುಚ್ಚಳ ಇರಬೇಕು, ಬಳಸಿದ ಕಡ್ಡಿಗಳನ್ನು ಚೀಲದಲ್ಲಿ ಕಟ್ಟಿ ಸುಡಬೇಕು ಅಂತ ಸಾಕಣೆದಾರರೇ ಷರತ್ತು ಹಾಕಿದರು. ಮರಿಹುಳು ಕೊಳೆಸುವ ಕೆಲವು ರೋಗಗಳ ಬೀಜಾಣು ಜೇನಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಮನುಷ್ಯರಿಗೆ ಅದರಿಂದ ಏನೂ ಇಲ್ಲ, ಆದರೆ ಊರ ಜೇನುನೊಣ ಬಂದು ನೆಕ್ಕಿ ಹೋದರೆ ಗೂಡಿಗೆ ಗೂಡೇ ಹೋದೀತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣದ ತುಡುವೆ ಜೇನನ್ನು ಒರೆಸಿಹಾಕಿದ್ದನ್ನು ಕಂಡವರು ಅವರು. ಈ ವಿಷಯದಲ್ಲಿ ಅವರಿಗೆ ಹೇಳಿಕೊಡುವ ಅಗತ್ಯ ಇರಲಿಲ್ಲ.

ಮುಂಡರಗಿಯವನ ಟೇಬಲ್ಲು ಹತ್ತನೆಯದು. ದ್ವೀಪದ ಜೇನಿನ ಮಗ್ಗುಲಲ್ಲೇ.

ಈಗ ಕಿಯಾವೆಯ ವಿಷಯ ಹೇಳಬೇಕು. ಆ ಜೇನು ಬಿಳಿ, ಬೆಣ್ಣೆಯ ಹಾಗೆ ಗಟ್ಟಿ. ತಾನಾಗಿಯೇ ಹಾಗಾಗುತ್ತದೆ. ಹವಾಯಿಯವರು ಅದನ್ನು ತಮ್ಮ ಅಪರೂಪದ ಜೇನು ಅಂತ ಹೆಮ್ಮೆಯಿಂದ ಮಾರುತ್ತಾರೆ. ಹತ್ತೂವರೆಗೆ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದ ಮಂದಿ ಅಂಗಳ ತುಂಬಿದರು. ಹನ್ನೊಂದನೇ ಟೇಬಲ್ಲಿನ ಮುಂದೆ ಸರದಿ. ಕಡ್ಡಿಯ ತುದಿ ಬಾಯಿಗಿಟ್ಟು "ಏನ್ ಮಸ್ತ್ ಐತ್ರಿ, ಐಸ್‌ಕ್ರೀಮ್ ಇದ್ದಂಗ ಐತಿ" ಅನ್ನುವವರು, ಫೋಟೋ ತೆಗೆಸಿಕೊಳ್ಳುವವರು. ಅಲ್ಲಿಂದ ಒಂದೇ ಹೆಜ್ಜೆ ಸರಿದು ಹತ್ತನೇ ಟೇಬಲ್ಲಿಗೆ ಬಂದವರು ಅದೇ ಬಿಳುಪು ಕಂಡು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಕೆಳಗಿಡುತ್ತಿದ್ದರು. "ತಳಕ್ಕ ಸಕ್ರಿ ಕೂತೈತಲ್ರಿ."

ಒಬ್ಬ ನಿವೃತ್ತ ಮಾಸ್ತರರು ಪರೀಕ್ಷೆ ಮಾಡಿಯೇ ಬಿಡುತ್ತೇನೆ ಅಂದರು. ಗಿರ್ಮಿಟ್ ಗಾಡಿಯಿಂದ ಒಂದು ಗ್ಲಾಸು ನೀರು ತರಿಸಿ ಮೇಲಿನ ತೆಳು ಪದರದ ಒಂದು ಹನಿ ಬಿಟ್ಟರು. ಹನಿ ತಳ ಮುಟ್ಟುವ ಮೊದಲೇ ಹರಡಿತು. ಹೆಬ್ಬೆರಳ ಉಗುರಿನ ಮೇಲೆ ಇನ್ನೊಂದು ಹನಿ, ಅದೂ ಜಾರಿತು. ಬೆಂಕಿಕಡ್ಡಿ ಅದ್ದಿ ಗೀರಿದರು, ಹತ್ತಲಿಲ್ಲ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರರು ಕೂಗಾಡಲಿಲ್ಲ, ಬೈಯಲಿಲ್ಲ. "ತಮ್ಮಾ, ದುಡದು ತಿನ್ನು" ಅಂದು ಹೋದರು. ಸಾಕಣೆದಾರ ತಲೆ ಎತ್ತಲಿಲ್ಲ. ಹನ್ನೆರಡರ ಸುಮಾರಿಗೆ, ಬೆಳಿಗ್ಗೆಯೇ ಎರಡು ಬಾಟಲಿ ಒಯ್ದಿದ್ದ ಹೆಣ್ಣುಮಗಳೊಬ್ಬಳು ತಿರುಗಿ ಬಂದು ರೊಕ್ಕ ಕೇಳಿದಳು. ಕೊಟ್ಟ. ದಿನದ ಕೊನೆಗೆ ಅವನ ಗಲ್ಲೆಯಲ್ಲಿದ್ದದ್ದು ಏಳು ಬಾಟಲಿಯ ಹಣ, ಅದರಲ್ಲೂ ಮೂರು ನಾವೇ ಕೊಂಡದ್ದು.

ನಾವು ತಿಳಿಸಿ ಹೇಳಲಿಲ್ಲವೇ ಅಂದರೆ, ಹೇಳಿದೆವು. ಆದರೆ ಅನುಮಾನ ಬಂದ ಮೇಲೆ ಕೊಡುವ ವಿವರಣೆ ಕೇಳುವವರ ಕಿವಿಗೆ ನೆಪದ ಹಾಗೆಯೇ ಬೀಳುತ್ತದೆ. ವಿವರಣೆ ಮಾತ್ರ ಸರಿಯಾಗಿಯೇ ಇತ್ತು, ಅದನ್ನು ಇಲ್ಲಿ ಬರೆದುಬಿಡುತ್ತೇನೆ. ಜೇನಿನಲ್ಲಿ ಮುಖ್ಯವಾಗಿ ಇರುವುದು ಫ್ರಕ್ಟೋಸ್, ಗ್ಲೂಕೋಸ್ ಅನ್ನುವ ಎರಡು ಸಕ್ಕರೆ, ಮತ್ತು ಸ್ವಲ್ಪ ನೀರು. ಫ್ರಕ್ಟೋಸ್ ನೀರಿನಲ್ಲಿ ಕರಗಿಯೇ ಇರುತ್ತದೆ. ಗ್ಲೂಕೋಸಿಗೆ ಆ ತಾಳ್ಮೆ ಇಲ್ಲ, ನೀರಿನ ಎರಡು ಪಟ್ಟಿಗಿಂತ ಮೇಲೆ ಹೋಯಿತೆಂದರೆ ಹರಳುಗಟ್ಟಿ ಕೂರುತ್ತದೆ. ಸೂರ್ಯಕಾಂತಿ, ನಮ್ಮ ಕಡೆಯವರ ಬಾಯಲ್ಲಿ ಸೂರ್ಯಪಾನ, ಗ್ಲೂಕೋಸ್ ಹೆಚ್ಚಿರುವ ಹೂವು. ಅದರ ಜೇನು ವಾರ ಎರಡು ವಾರದಲ್ಲಿ ಗಟ್ಟಿಯಾಗುವುದು ಸಾಮಾನ್ಯ. ಹರಳುಗಟ್ಟಲು ಎಲ್ಲಕ್ಕಿಂತ ಅನುಕೂಲವಾದ ಉಷ್ಣತೆ 14 ಡಿಗ್ರಿಯ ಆಸುಪಾಸು, ಜನವರಿಯ ಬೆಳಗಿನ ಜಾವ ಧಾರವಾಡದಲ್ಲಿ ಇರುವುದೂ ಅಷ್ಟೇ. ಅಂಗಡಿಯ ಬಾಟಲಿ ವರ್ಷಪೂರ್ತಿ ತಿಳಿಯಾಗಿರುತ್ತದಲ್ಲ ಅಂದರೆ, ಅದನ್ನು ಕಾಯಿಸಿ, ಪರಾಗದ ಕಣವೂ ಉಳಿಯದಂತೆ ಸಣ್ಣ ಜಾಳಿಗೆಯಲ್ಲಿ ಸೋಸಿರುತ್ತಾರೆ. ಹರಳು ಹಿಡಿದುಕೊಂಡು ಬೆಳೆಯಲು ಒಂದು ಕಣವಾದರೂ ಬೇಕು, ಅದೇ ಅಲ್ಲಿ ಇರುವುದಿಲ್ಲ. ಹಾಗೆ ತಿಳಿಯಾಗಿ ಉಳಿದ ಜೇನು ಬಹಳ ಸಲ ಕಾರ್ಖಾನೆ ಹಾದು ಬಂದಿರುತ್ತದೆ, ಶುದ್ಧವೋ ಅಲ್ಲವೋ ಅನ್ನುವುದು ಆ ತಿಳಿಯಿಂದ ತಿಳಿಯುವುದಿಲ್ಲ.

ತಮಾಷೆ ಎಂದರೆ, ಆ ಕಿಯಾವೆ ನಮ್ಮ ಬಳ್ಳಾರಿ ಜಾಲಿಯ ಖಾಸಾ ದಾಯಾದಿ. ಎರಡೂ ಒಂದೇ ಕುಲದವು, ಎರಡರ ಮೂಲವೂ ಅಮೆರಿಕ ಖಂಡ. ಹವಾಯಿಗೆ ಅದು ಬಂದದ್ದು 1828ರಲ್ಲಿ, ಕ್ಯಾಥೊಲಿಕ್ ಪಾದ್ರಿ ಅಲೆಕ್ಸಿಸ್ ಬಾಶಲೋ ಹೊನೊಲುಲುವಿನಲ್ಲಿ ನೆಟ್ಟ ಒಂದು ಗಿಡದಿಂದ. ಕಾಯಿ ಸಿಹಿ. ದನ ತಿಂದು ಸೆಗಣಿಯಲ್ಲಿ ಬೀಜ ಹರಡಿ ಒಣ ಕರಾವಳಿಯೆಲ್ಲ ಮುಳ್ಳುಕಾಡಾಯಿತು. ಗದಗ, ಬಳ್ಳಾರಿ ಸೀಮೆಯಲ್ಲಿ ಕುರಿ ಆಡು ಮಾಡಿದ ಕೆಲಸವನ್ನೇ ಅಲ್ಲಿ ದನ ಮಾಡಿದವು. ಜೇನುನೊಣ ಕೂಡ ಹವಾಯಿಯದಲ್ಲ, 1857ರಲ್ಲಿ ಕ್ಯಾಲಿಫೋರ್ನಿಯಾದಿಂದ ಹಡಗು ಹತ್ತಿ ಬಂದದ್ದು. ನಮ್ಮವನ ಪೆಟ್ಟಿಗೆಯ ಮೆಲ್ಲಿಫೆರಾ ನೊಣ ಯುರೋಪಿನದು, ಸೂರ್ಯಕಾಂತಿ ಅಮೆರಿಕದ್ದು. ಹೂವೂ ಪರದೇಶಿ, ನೊಣವೂ ಪರದೇಶಿ, ಎರಡೂ ಕಡೆ ಒಂದೇ ಜಾತಕ. ಒಂದು ಭರಣಿಯ ಮುಂದೆ ಸರದಿ, ಇನ್ನೊಂದರ ಮುಂದೆ ಬೆಂಕಿಕಡ್ಡಿ.

ಆದರೂ ಗಿರಾಕಿಯನ್ನು ದಡ್ಡ ಅನ್ನಲು ನಾನು ತಯಾರಿಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡಿನ ಜೇನನ್ನು ಎನ್‌ಎಂಆರ್ ಅನ್ನುವ, ಕಲಬೆರಕೆ ಹಿಡಿಯುವ ಪರೀಕ್ಷೆಗೆ ಕಳಿಸಿದಾಗ 10 ನಪಾಸಾದವು. ಕಬ್ಬಿನ, ಗೋವಿನಜೋಳದ ಸಕ್ಕರೆ ಬೆರೆಸಿದರೆ ಹಳೆಯ ಕಾರ್ಬನ್ ಪರೀಕ್ಷೆ ಹಿಡಿಯುತ್ತಿತ್ತು. ಅಕ್ಕಿಯಿಂದ ತೆಗೆದ ಪಾಕ ಅದರ ಕಣ್ಣಿಗೆ ಮಣ್ಣೆರಚಿ ದಾಟುತ್ತದೆ. ಇಷ್ಟು ಪೆಟ್ಟು ತಿಂದವರು ಕಣ್ಣೆದುರು ಬಿಳಿ ಹರಳು ಕಂಡರೆ ಬೆಚ್ಚದೆ ಇನ್ನೇನು? ಮಾಸ್ತರರ ಮೂರು ಪರೀಕ್ಷೆಗಳೂ ಮೋಸ ಹಿಡಿಯುವಂಥವಲ್ಲ. ಅವು ಅಳೆಯುವುದು ಜೇನು ಎಷ್ಟು ಮಂದ, ಅದರಲ್ಲಿ ಎಷ್ಟು ನೀರು ಅನ್ನುವುದನ್ನು. ಬೆಲ್ಲದ ಪಾಕವನ್ನು ಎಳೆ ಬರುವ ತನಕ ಕಾಯಿಸಿ ಕೊಟ್ಟರೆ ಮೂರರಲ್ಲೂ ಒಂದನೇ ನಂಬರಿನಲ್ಲಿ ಪಾಸಾದೀತು.

ಆದರೆ ನೀರು ಅನ್ನುವ ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ರಾತ್ರಿ ನಾನು ಮಾಡಿದ ತಪ್ಪು.

ಮೇಳ ಮುಗಿದ ಮೇಲೆ ಒಬ್ಬ ಹುಡುಗ, ಕಾಯಿಸಿಬಿಡೋಣ, ಕರಗುತ್ತದೆ ಅಂದ. ನಾನು ಹೂಂ ಅಂದೆ. ಮಂಟಪದ ಅಡುಗೆಮನೆಯಲ್ಲಿ ದೊಡ್ಡ ಪಾತೇಲಿ, ಗ್ಯಾಸು, ಎಲ್ಲ ಇತ್ತು. ನೀರು ಕುದಿಬಂದ ಮೇಲೆ ಎಂಟು ಬಾಟಲಿ ಇಳಿಸಿದೆವು. ಜೇನು ಕರಗಿತು, ನಿಜ. ಬಾಟಲಿಗಳೂ ಸೊಂಟ ಮುರಿದುಕೊಂಡು ವಾಲಿದವು. ಮುಚ್ಚಳ ತೆಗೆದರೆ ಹೂವಿನ ವಾಸನೆ ಹೋಗಿ, ಒಲೆಯ ಮೇಲೆ ಮರೆತ ಬೆಲ್ಲದ ಪಾಕದ ವಾಸನೆ. ಅಷ್ಟು ಬಿಸಿಗೆ ಜೇನಿನ ಕಿಣ್ವಗಳು ಸಾಯುತ್ತವೆ, ಎಚ್‌ಎಂಎಫ್ ಅನ್ನುವ ರಾಸಾಯನಿಕ ಏರುತ್ತದೆ. ನಮ್ಮ ದೇಶದಲ್ಲಿ ಅದರ ಮಿತಿ ಕಿಲೋಗೆ 80 ಮಿಲಿಗ್ರಾಂ. ಆಹಾರದ ಗುಣಮಟ್ಟಕ್ಕೆ ಇರುವ ಅಂತರರಾಷ್ಟ್ರೀಯ ಕೋಡೆಕ್ಸ್ ನಿಯಮ ಚಳಿ ದೇಶಗಳ ಜೇನಿಗೆ 40 ಅಂತಲೂ ಉಷ್ಣವಲಯದ ಜೇನಿಗೆ 80 ಅಂತಲೂ ಬೇರೆ ಬೇರೆ ಇಟ್ಟಿದೆ, ಬಿಸಿಲ ನಾಡಿನಲ್ಲಿ ಅದು ತಾನಾಗಿಯೂ ಏರುವ ಕಾರಣಕ್ಕೆ. ನಾವು ಆ ರಾತ್ರಿ ಎಷ್ಟು ಏರಿಸಿದೆವೋ! ಸಾಕಣೆದಾರ ಬಂದು ಒಂದು ಬಾಟಲಿ ಮೂಸಿ ನೋಡಿ, ಏನೂ ಅನ್ನದೆ ಗ್ಯಾಸು ಬಂದ್ ಮಾಡಿದ. ಬೆರಳು ಅದ್ದಿದರೆ ತಾಳುವಷ್ಟು ಬೆಚ್ಚನೆಯ ನೀರಿನಲ್ಲಿ, 40 ಡಿಗ್ರಿ ಮೀರದಂತೆ, ತಾಸುಗಟ್ಟಲೆ ಇಡಬೇಕಾದದ್ದು. ಅವನಿಗೆ ಅದು ಗೊತ್ತಿತ್ತು. ನಾವು ಅವನನ್ನು ಕೇಳಲಿಲ್ಲ. ಎಂಟು ಬಾಟಲಿಯ ದುಡ್ಡು ನಾನು ಕೊಟ್ಟೆ, ಇಸಿದುಕೊಳ್ಳಲು ಅವನು ಬಹಳ ಹೊತ್ತು ಒಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಕೃಷಿ ಪದವಿ ಓದುವ ಹುಡುಗಿಯೊಬ್ಬಳು ರಿಫ್ರ್ಯಾಕ್ಟೋಮೀಟರ್ ತಂದಳು. ಪೆನ್ನಿಗಿಂತ ತುಸು ದಪ್ಪನೆಯ ನಳಿಗೆ. ಗಾಜಿನ ಮೇಲೆ ಒಂದು ಹನಿ ಸವರಿ ಬೆಳಕಿಗೆ ಹಿಡಿದು ಕಣ್ಣಿಟ್ಟರೆ ನೀಲಿ ಬಿಳಿ ಗೆರೆ ನೀರಿನ ಪ್ರಮಾಣ ತೋರಿಸುತ್ತದೆ. ಗಟ್ಟಿ ಜೇನಿನ ಮೇಲಿನ ಪದರ ಅಳೆದರೆ ತಪ್ಪು ಬರುತ್ತದೆ ಅಂತ ಅವಳು ಬಾಟಲಿಯನ್ನು ಕಲಕಿ, ಒಂದು ಚಮಚೆಯಷ್ಟನ್ನು ಸಣ್ಣ ಶೀಶೆಗೆ ಹಾಕಿ ಬಿರಡೆ ಬಿಗಿದು ಬೆಚ್ಚನೆ ನೀರಿನಲ್ಲಿ ಕರಗಿಸಿದಳು. ಸಾಕಣೆದಾರ ಎರಡು ಬಕೆಟ್ಟಿನ ಜೇನನ್ನು ಬಾಟಲಿಗೆ ತುಂಬಿದ್ದ. ಮೊದಲ ಬಕೆಟ್ಟಿನದರಲ್ಲಿ ನೀರು ಶೇಕಡಾ 18.6. ಕಾನೂನಿನ ಮಿತಿ 20, ಪಾಸು. ಎರಡನೇ ಬಕೆಟ್ಟಿನದು 21.

ಸಾಕಣೆದಾರ ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ. ಅವನ ಅರವತ್ತು ಪೆಟ್ಟಿಗೆ ಬೆಳವಲದ ಒಂದು ಹೊಲದ ಬದುವಿನಲ್ಲಿದ್ದವು. ನೊಣ ಬಂದರೆ ಸೂರ್ಯಕಾಂತಿಯಲ್ಲಿ ಜೊಳ್ಳು ಕಡಿಮೆಯಾಗುತ್ತದೆ, ಹೊಲದವನಿಗೂ ಅದು ಗೊತ್ತು, ಪ್ರೀತಿಯಿಂದಲೇ ಜಾಗ ಕೊಟ್ಟಿದ್ದ. ಆದರೆ ಪಕ್ಕದ ಹೊಲದವನು ನಾಳೆ ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡಿತೀನಿ ಅಂತ ಸಂಜೆ ಫೋನ್ ಮಾಡಿದ. ರಾತ್ರೋರಾತ್ರಿ ಪೆಟ್ಟಿಗೆ ಎತ್ತಬೇಕಾಯಿತು. ತುಂಬಿದ ಚೌಕಟ್ಟುಗಳ ಭಾರದಲ್ಲಿ ಸಾಗಿಸಿದರೆ ಎರಿ ಮುರಿದು ನೊಣ ಜೇನಿನಲ್ಲೇ ಮುಳುಗುತ್ತವೆ. ಅದಕ್ಕೆ ಅರ್ಧಂಬರ್ಧ ಮೇಣ ಮುಚ್ಚಿದ ಚೌಕಟ್ಟುಗಳನ್ನೂ ತಿರುವಿ ಜೇನು ತೆಗೆದ. ನೊಣ ರೆಕ್ಕೆ ಬೀಸಿ ನೀರು ಆರಿಸಿ, ಹದ ಬಂದ ಮೇಲಷ್ಟೇ ಕೋಶಕ್ಕೆ ಮೇಣದ ಮುಚ್ಚಳ ಹಾಕುವುದು. ಮುಚ್ಚಿಲ್ಲ ಅಂದರೆ ಮಾಗಿಲ್ಲ. ಅಂಥ ಜೇನು ಗಟ್ಟಿಯಾಗುವಾಗ ಗ್ಲೂಕೋಸ್ ಕೆಳಗೆ ಕೂತು ಮೇಲುಳಿದ ಪದರದಲ್ಲಿ ನೀರಿನ ಪಾಲು ಇನ್ನೂ ಏರುತ್ತದೆ, ಹುಳಿಯಾಗಲು ಶುರುವಾಗುತ್ತದೆ. ಆ ಬಾಟಲಿಗಳ ಮುಚ್ಚಳ ತೆಗೆದರೆ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ, ನಸುಹುಳಿ ವಾಸನೆ. ಮಾಸ್ತರರು ಎತ್ತಿಕೊಂಡ ಬಾಟಲಿ ಇದೇ ಬಕೆಟ್ಟಿನದು. ಸಕ್ಕರೆ ಅನ್ನುವ ಅವರ ತೀರ್ಪು ತಪ್ಪು, ಏನೋ ಸರಿಯಿಲ್ಲ ಅನ್ನುವ ಅನುಮಾನ ಮಾತ್ರ ಸರಿ.

ಎರಡನೇ ಬಕೆಟ್ಟಿನ 40 ಬಾಟಲಿ ಒಳಗಿಟ್ಟೆವು. ಉಳಿದವನ್ನು ಟೇಬಲ್ಲಿನ ಮೇಲೆ ಇಟ್ಟ ರೀತಿಯನ್ನೇ ಬದಲಿಸಿದೆವು. "ಶುದ್ಧ ಜೇನುತುಪ್ಪ" ಅನ್ನುವ ಬೋರ್ಡು ತೆಗೆದುಹಾಕಿದೆ. ಶುದ್ಧ ಅಂತ ಬರೆದುಕೊಳ್ಳದ ಕಳ್ಳ ಯಾರಿದ್ದಾನೆ? ಅದರ ಜಾಗದಲ್ಲಿ ರಟ್ಟಿನ ಮೇಲೆ ಕೈಯಲ್ಲೇ ಬರೆದದ್ದು ಇಷ್ಟು: ಸೂರ್ಯಪಾನದ ಜೇನು, ಮುಂಡರಗಿ ತಾಲ್ಲೂಕು, ಡಿಸೆಂಬರ್, ನೀರು 18.6, ಚಳಿಗೆ ಗಟ್ಟಿಯಾಗುತ್ತದೆ. ರಾತ್ರಿ ಬೆಚ್ಚನೆ ನೀರಿನಲ್ಲಿಟ್ಟು ಸರಿಯಾಗಿ ಕರಗಿಸಿದ ಒಂದು ಬಾಟಲಿ, ಅರ್ಧ ಗಟ್ಟಿಯಾದದ್ದೊಂದು, ಪೂರ್ತಿ ಗಟ್ಟಿಯಾದದ್ದೊಂದು ಸಾಲಾಗಿ ಇಟ್ಟೆವು. ಪಕ್ಕಕ್ಕೆ ಒಣಗಿದ ಒಂದು ಸೂರ್ಯಕಾಂತಿ ತೆನೆ.

ಇಷ್ಟಾದರೂ ಹತ್ತು ಗಂಟೆಯ ತನಕ ಜನ ಓದಿ ಮುಂದೆ ಹೋಗುತ್ತಿದ್ದರು. ದಾರಿ ತೋರಿಸಿದ್ದು ಹಳೇ ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬ ಅಜ್ಜಿ. ಮೂರೂ ಬಾಟಲಿ ನೋಡಿ, ಗಟ್ಟಿಯಾದದ್ದರಲ್ಲಿ ಬೆರಳು ಇಟ್ಟು ನೆಕ್ಕಿ, ಮೊಮ್ಮಗನಿಗೆ ಹೇಳಿದಳು: "ತುಪ್ಪ ರವಾ ರವಾ ಆದ್ರ ಛಲೋ ತುಪ್ಪ ಅಂತೇವಿ. ಇದೂ ತುಪ್ಪನ ಅಲ್ಲೇನು, ಜೇನತುಪ್ಪ?"

ನಮಗೆ ಹೊಳೆದಿರಲಿಲ್ಲ. ಗ್ಲೂಕೋಸು, 14 ಡಿಗ್ರಿ ಅಂತ ನಿನ್ನೆಯೆಲ್ಲ ಗಂಟಲು ಹರಿದುಕೊಂಡಿದ್ದೆವು. ಜನವರಿಯಲ್ಲಿ ನಮ್ಮ ಯಾವ ಮನೆಯ ತುಪ್ಪದ ಡಬ್ಬಿ ಹರಳುಗಟ್ಟಿರುವುದಿಲ್ಲ? ಹಾಗೆ ಆಗದಿದ್ದರೆ ಅಲ್ಲವೇ ನಾವು ಡಾಲ್ಡಾ ಬೆರೆಸಿದ್ದಾನೆ ಅನ್ನುವುದು? ಅಡುಗೆಮನೆಯಿಂದ ಒಂದು ಬಟ್ಟಲು ಮರಳು ಮರಳು ತುಪ್ಪ ತರಿಸಿ ಮೂರು ಬಾಟಲಿಯ ಪಕ್ಕಕ್ಕೆ ಇಟ್ಟೆವು. ಆಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ, ತುಪ್ಪದ ಕಡೆ ಬೆರಳು ತೋರಿಸಿದರೆ ಸಾಕು.

ಅದೇ ಅಜ್ಜಿ ತಿಂಗಳು ತುಂಬದ ಮರಿಮೊಮ್ಮಗಳಿಗೆ ನೆಕ್ಕಿಸಲು ಒಂದು ಬಾಟಲಿ ಬೇಕು ಅಂದಾಗ ರಿಫ್ರ್ಯಾಕ್ಟೋಮೀಟರಿನ ಹುಡುಗಿ ಅಡ್ಡ ಬಂದಳು. ವರ್ಷದೊಳಗಿನ ಕೂಸಿಗೆ ಯಾವ ಜೇನನ್ನೂ ಕೊಡಬಾರದು, ಬಾಟುಲಿಸಂ ಅನ್ನುವ ವಿಷಬಾಧೆಯ ಭಯ. ಅಜ್ಜಿಗೆ ಅದು ರುಚಿಸಲಿಲ್ಲ, ಆದರೂ ಬಾಟಲಿ ತನಗೇ ಇರಲಿ ಅಂತ ಒಯ್ದಳು.

ಒಬ್ಬ ಗಿರಾಕಿ ನೇರ ಕೇಳಿದ: "ಹುಳಕ್ಕ ಸಕ್ರಿ ನೀರ ಕುಡಸ್ತೀರೋ ಇಲ್ಲೋ?" ನಾನು ಬಾಯಿ ಹಾಕುವ ಮೊದಲೇ ಸಾಕಣೆದಾರ, ಮಳೆಗಾಲದಾಗ ಹೂವು ಇರೂದಿಲ್ಲ, ಆವಾಗ ಕುಡಸ್ತೀನ್ರಿ, ಇಲ್ಲಂದ್ರ ಸಾಯ್ತಾವು, ಆ ದಿನದಾಗ ಮ್ಯಾಲಿನ ಪೆಟಗಿ ಇಡೂದಿಲ್ಲ, ಜೇನ ತೆಗಿಯೂದಿಲ್ಲ ಅಂದ. ಕೇಳಿದವನು ಕೊಳ್ಳದೆ ಹೋದ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಇಬ್ಬರು ಕೊಂಡರು.

ಮಧ್ಯಾಹ್ನ ಹೆಸರು ಮುಚ್ಚಿ ಕಿಯಾವೆಯನ್ನೂ ಇವನ ಜೇನನ್ನೂ ಅಕ್ಕಪಕ್ಕ ರುಚಿಗೆ ಇಟ್ಟೆವು. ಊರ ಅಭಿಮಾನ ಬದಿಗಿಟ್ಟು ಹೇಳುವುದಾದರೆ ಹವಾಯಿಯದೇ ನಯ. ನಮ್ಮದರ ಹರಳು ದಪ್ಪ, ನಾಲಗೆಗೆ ಸಣ್ಣ ರವೆಯ ಹಾಗೆ ತಾಗುತ್ತದೆ. ಪರಿಮಳದಲ್ಲಿ ನಮ್ಮದು ಕಡಿಮೆಯೇನಿರಲಿಲ್ಲ. ಈ ಪಂದ್ಯದ ನಡುವೆ ಕಣ್ಣಿಗೆ ಬಿದ್ದ ಸಣ್ಣ ಸಂಗತಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು: ಹವಾಯಿಯ ಭರಣಿಯ ಬಾಯಿ ಅಗಲ, ಚಮಚ ಸಲೀಸಾಗಿ ಒಳಗೆ ಹೋಗುತ್ತದೆ. ನಮ್ಮ ಬಾಟಲಿಯ ಕೊರಳು ಚಮಚ ಹಿಡಿಯದಷ್ಟು ಸಣ್ಣದು. ಗಟ್ಟಿಯಾಗುವ ಜೇನನ್ನು ಸುರಿದುಕೊಳ್ಳುವ ಬಾಟಲಿಗೆ ತುಂಬಿ, ಅದು ಸುರಿಯದಿದ್ದಾಗ ಗಿರಾಕಿಗೆ ಪಾಠ ಹೇಳಲು ಹೋಗಿದ್ದೆವು ನಾವು. ಬಾಟಲಿ ಆರಿಸಿ, ಸಗಟಿನಲ್ಲಿ ಕೊಡಿಸಿದವರೂ ನಾವೇ. ಅಂಗಡಿಯ ಬ್ರಾಂಡುಗಳ ಹಾಗೆ ಕಾಣಲಿ ಅಂತ.

ಆ ದಿನ ಹೋದದ್ದು 31 ಬಾಟಲಿ. ಮಾಸ್ತರರು ಸಂಜೆ ಮತ್ತೆ ಬಂದಿದ್ದರು. ಎರಡನೇ ಬಕೆಟ್ಟಿನ ವಿಷಯ ಮುಚ್ಚಿಡದೆ ಹೇಳಿದೆವು. ರಿಫ್ರ್ಯಾಕ್ಟೋಮೀಟರಿನಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಕೊಳ್ಳಲಿಲ್ಲ. ಒಳಗಿಟ್ಟ 40 ಬಾಟಲಿಯನ್ನು ಸಾಕಣೆದಾರ ಊರಿಗೆ ಒಯ್ದು, ಮಳೆಗಾಲದಲ್ಲಿ ತನ್ನ ನೊಣಗಳಿಗೇ ಕುಡಿಸಿದರಾಯಿತು ಅಂದುಕೊಂಡಿದ್ದ. ಹುಳಿಬಂದ ಜೇನು ನೊಣದ ಹೊಟ್ಟೆಗೂ ಒಗ್ಗುವುದಿಲ್ಲ ಅಂತ ಹುಡುಗಿ ತಡೆದಳು. ಹೋದದ್ದು ಹೋಯಿತು.

ಈ ಡಿಸೆಂಬರಿನಲ್ಲಿ ಅವನು ಹೊಸದೊಂದು ಹಿಡಿದಿದ್ದಾನೆ. ಎಲ್ಟನ್ ಡೈಸ್ ಅನ್ನುವ ಜೇನು ವಿಜ್ಞಾನಿ 1935ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ತಿಳಿ ಜೇನಿಗೆ ಹತ್ತನೇ ಒಂದು ಪಾಲಿನಷ್ಟು ನಯವಾಗಿ ಗಟ್ಟಿಯಾದ ಜೇನು ಬೆರೆಸಿ 14 ಡಿಗ್ರಿಯ ತಂಪಿನಲ್ಲಿಟ್ಟರೆ ಇಡೀ ಡಬ್ಬಿ ಅದೇ ಸಣ್ಣ ಹರಳಿನಲ್ಲಿ ಬೆಣ್ಣೆಯಂತೆ ಕೂರುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ ಅಂತ ಒಂದೇ ಮಾತಿನಲ್ಲಿ ಹೇಳಿದಾಗ ಅವನಿಗೆ ಕೂಡಲೇ ತಿಳಿಯಿತು. ಕಿಯಾವೆಯನ್ನೇ ಹೆಪ್ಪು ಮಾಡಲೇ ಅಂತ ಕೇಳಿದ್ದಕ್ಕೆ ಬೇಡ ಅಂದೆ, ಪೆಟ್ಟಿಗೆಗಳಿರುವ ಜಾಗಕ್ಕೆ ಆ ಭರಣಿ ಹೋಗುವುದು ಸರಿಯಲ್ಲ. ತನ್ನದೇ ಗಟ್ಟಿ ಜೇನನ್ನು ಖಲಬತ್ತಿನಲ್ಲಿ ನುಣ್ಣಗೆ ಅರೆದು ಹೆಪ್ಪು ಮಾಡಿಕೊಂಡ. ಮುಕ್ಕಾಲು ಪಾಲಾದರೂ ಮೇಣ ಮುಚ್ಚುವ ತನಕ ಚೌಕಟ್ಟು ಮುಟ್ಟುವುದಿಲ್ಲ ಅಂತ ನಿಶ್ಚಯ ಮಾಡಿದ್ದಾನೆ, ಎಣ್ಣೆ ಹೊಡೆಯುವ ದಿನವನ್ನು ನಾಲ್ಕು ದಿನ ಮೊದಲೇ ತಿಳಿಸಬೇಕು ಅಂತ ಸುತ್ತಲ ಹೊಲದವರ ಹತ್ತಿರ ಮಾತಾಡಿಕೊಂಡಿದ್ದಾನೆ.

ಮೊನ್ನೆ ಬೆಳಿಗ್ಗೆ ಆರೂವರೆಗೆ ಅವನ ಫೋನು.

"ಹೆಪ್ಪ ಹಿಡದೈತ್ರಿ. ಛಲೋ ಹಿಡದೈತಿ, ಚಮಚ ನಿಂತ ನಿಲ್ತೈತಿ. ಅಗಲ ಬಾಯಿ ಭರಣಿಗೆ ಗದಗನ್ಯಾಗ 18 ರೂಪಾಯಿ ಹೇಳಾಕತ್ತಾರ. ಹುಬ್ಬಳ್ಳ್ಯಾಗ ಕಮ್ಮಿ ಸಿಗ್ತಾವೇನು ಒಂದೀಟು ನೋಡ್ರಿ."